ಗೌರವ ಆಟಕ್ಕೋ, ಆಟಗಾರನಿಗೋ

ನ್ಯೂಯಾರ್ಕ್ ರಾಜ್ಯದ ಒಟ್ಸೀಗೊ ಸರೋವರದ ದಂಡೆಯಲ್ಲಿ ಕೂಪರ್ಸ್‌ಟೌನ್ ಎಂಬ ಊರಿದೆ. ಅಲ್ಲಿನ ಜನಸಂಖ್ಯೆ ಎರಡು ಸಾವಿರ ದಾಟುವುದಿಲ್ಲ. ಜುಲೈ ತಿಂಗಳ ಒಂದು ವಾರಾಂತ್ಯದಲ್ಲಿ ಮಾತ್ರ ಜಾತ್ರೆಗೆ ಬಂದಂತೆ ಸಾವಿರಾರು ಜನ ಬಂದು ನೆರೆಯುತ್ತಾರೆ. ಅಮೆರಿಕದ ರಾಷ್ಟ್ರೀಯ ಬೇಸ್‌ಬಾಲ್ ಹಾಲ್ ಆಫ್ ಫೇಮ್‌ಗೆ ಆ ವರ್ಷ ಆಯ್ಕೆಯಾದವರನ್ನು ವಿಧ್ಯುಕ್ತವಾಗಿ ಸೇರಿಸಿಕೊಳ್ಳುವ ದಿನಗಳವು. 1939ರ ಜೂನ್ 12ರಂದು ಬಾಗಿಲು ತೆರೆದ ಈ ಸಂಸ್ಥೆಯ ಒಂದೇ ಸೂರಿನಡಿ ಎರಡು ಬೇರೆ ಕೆಲಸಗಳು ನಡೆಯುತ್ತವೆ. ಒಂದು ಸಂಗ್ರಹಾಲಯ: ಬ್ಯಾಟು, ಚೆಂಡು, ಕೈಗವಸು, ಟೋಪಿ, ಹಳೆಯ ಟಿಕೆಟ್ಟು. ಇನ್ನೊಂದು ಫಲಕಗಳ ಹಜಾರ. ಮೇಜರ್ ಲೀಗ್‌ನಲ್ಲಿ ಇಲ್ಲಿಯವರೆಗೆ ಆಡಿದವರು 20,000ಕ್ಕೂ ಹೆಚ್ಚು. ಹಜಾರದ ಗೋಡೆಯಲ್ಲಿರುವ ಕಂಚಿನ ಮುಖಗಳು, ತರಬೇತುದಾರರು, ಅಂಪೈರ್‌ಗಳು, ಆಡಳಿತಗಾರರೂ ಸೇರಿ, 350ರ ಆಸುಪಾಸು. ಆಯ್ಕೆಯಾದವನು ಸಮಾರಂಭಕ್ಕೆ ಮೊದಲೇ ಬಂದು, ತನ್ನ ಫಲಕ ಕೂರಲಿರುವ ಜಾಗದಲ್ಲಿ ಸಹಿ ಹಾಕುವ ರೂಢಿಯಿದೆ. ಆಮೇಲೆ ಆ ಸಹಿಯ ಮೇಲೆ ಕಂಚು ಬಂದು ಕೂರುತ್ತದೆ. ಮನುಷ್ಯನ ಕೈಬರಹ ಕೆಳಗೆ ಮುಚ್ಚಿಹೋಗಿ, ಸಂಸ್ಥೆ ಬರೆಸಿದ ಮಾತು ಮೇಲೆ ಉಳಿಯುತ್ತದೆ.

ಆ ಮಾತು ಯಾವುದರ ಬಗೆಗೆ ಎಂಬುದೇ ಇಲ್ಲಿನ ಪ್ರಶ್ನೆ. ಫಲಕ ಗೌರವಿಸುವುದು ಆಡಿದ ಆಟವನ್ನೋ, ಆಡಿದ ಮನುಷ್ಯನನ್ನೋ? ಸಂಸ್ಥೆಯ ನಿಯಮ ಎರಡನ್ನೂ ಎನ್ನುತ್ತದೆ. ಕನಿಷ್ಠ ಹತ್ತು ಋತು ಆಡಿ, ನಿವೃತ್ತನಾಗಿ ಐದು ವರ್ಷ ಕಳೆದ ಆಟಗಾರನ ಹೆಸರು ಬೇಸ್‌ಬಾಲ್ ಪತ್ರಕರ್ತರ ಸಂಘದ ಹಿರಿಯ ಸದಸ್ಯರ ಮುಂದೆ ಬರುತ್ತದೆ. ಒಬ್ಬ ಮತದಾರ ಹೆಚ್ಚೆಂದರೆ ಹತ್ತು ಹೆಸರಿಗೆ ಗುರುತು ಹಾಕಬಹುದು. ನೂರಕ್ಕೆ 75 ಮತ ಬಿದ್ದವನು ಒಳಗೆ. ಹತ್ತು ವರ್ಷದೊಳಗೆ ಆ ಗಡಿ ಮುಟ್ಟದವನ ಹೆಸರು ಪಟ್ಟಿಯಿಂದ ಹೋಗುತ್ತದೆ; ಆಮೇಲೇನಿದ್ದರೂ 16 ಜನರ ಹಿರಿಯರ ಸಮಿತಿಯೇ ಗತಿ. ಮತ ಹಾಕುವಾಗ ನೋಡಬೇಕಾದದ್ದು ಆಟದ ದಾಖಲೆ, ಸಾಮರ್ಥ್ಯ, ಪ್ರಾಮಾಣಿಕತೆ, ಕ್ರೀಡಾಮನೋಭಾವ, ಶೀಲ ಮತ್ತು ತಂಡಕ್ಕೆ ಸಲ್ಲಿಸಿದ ಸೇವೆ. ಎಣಿಸಬಹುದಾದದ್ದನ್ನೂ ಎಣಿಸಲಾಗದ್ದನ್ನೂ ಒಂದೇ ಉಸಿರಿನಲ್ಲಿ ಹೇಳುವ ಈ ವಾಕ್ಯವನ್ನು ಬೇಸ್‌ಬಾಲ್‌ನ ಮೊದಲ ಕಮಿಷನರ್ ಕೆನೆಸಾ ಮೌಂಟನ್ ಲ್ಯಾಂಡಿಸ್‌ನ ಕಾಣಿಕೆ ಎಂದು ಹೇಳುವುದುಂಟು. ಶೀಲ ಎಂದರೇನು, ಅದನ್ನು ಅಳೆಯುವವರು ಯಾರು, ದಾಖಲೆಗೆ ಎಷ್ಟು ತೂಕ, ಶೀಲಕ್ಕೆ ಎಷ್ಟು ತೂಕ ಎಂಬುದರ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ.

ಮನುಷ್ಯರನ್ನು ಆರಿಸಿ ಪೂಜ್ಯ ಸ್ಥಾನದಲ್ಲಿ ಕೂರಿಸುವ ಪದ್ಧತಿ ಬೇಸ್‌ಬಾಲ್ ಹುಟ್ಟುಹಾಕಿದ್ದಲ್ಲ. ಕ್ಯಾಥೊಲಿಕ್ ಚರ್ಚಿನಲ್ಲಿ ಒಬ್ಬರನ್ನು ಸಂತರೆಂದು ಸಾರುವ ವಿಚಾರಣೆ ಅವರು ತೀರಿಕೊಂಡು ಐದು ವರ್ಷವಾಗುವ ಮೊದಲು ಆರಂಭವಾಗುವಂತಿಲ್ಲ. ಪ್ಯಾರಿಸ್ಸಿನ ಪ್ಯಾಂಥಿಯನ್ ಇದೇ ಪದ್ಧತಿಯ ದೇವರಿಲ್ಲದ ರೂಪ. ಫ್ರೆಂಚ್ ಕ್ರಾಂತಿಯ ಕಾಲದಲ್ಲಿ, 1791ರಲ್ಲಿ, ಕ್ರಾಂತಿಯ ನಾಯಕ ಮಿರಾಬೋನ ದೇಹವನ್ನು ಮೆರವಣಿಗೆಯಲ್ಲಿ ಅಲ್ಲಿಗೆ ಒಯ್ದರು. ಅವನು ಗುಟ್ಟಾಗಿ ಅರಸನ ಜೊತೆ ವ್ಯವಹಾರ ಇಟ್ಟುಕೊಂಡಿದ್ದನೆಂಬ ಕಾಗದಗಳು ಸಿಕ್ಕ ಮೇಲೆ 1794ರಲ್ಲಿ ಹೊರಗೆ ಸಾಗಿಸಿದರು. ಉತ್ಸಾಹದ ಬಿಸಿ ಆರಲಿ ಎಂದು ಕಾಯುವುದು ಇಂಥ ಅನುಭವದಿಂದ ಬಂದ ವಿವೇಕ. ಕೂಪರ್ಸ್‌ಟೌನ್ ಕಾಯುವ ನಿಯಮವನ್ನು ಇಟ್ಟುಕೊಂಡಿದೆ, ಹೊರಗೆ ಹಾಕುವ ಪದ್ಧತಿಯನ್ನು ಇಟ್ಟುಕೊಂಡಿಲ್ಲ. ಅಲ್ಲಿ ಸೇರಿದವರಲ್ಲಿ ಇದುವರೆಗೆ ಒಬ್ಬರನ್ನೂ ಹೊರಹಾಕಿಲ್ಲ.

ಕಾಯುವ ನಿಯಮ ಸಡಿಲವಾದದ್ದೂ ಉಂಟು, ಮತ್ತು ಅದು ಸಡಿಲವಾದ ಬಗೆಯೇ ಒಂದು ಉತ್ತರ. 1972ರ ಡಿಸೆಂಬರ್ 31ರ ರಾತ್ರಿ ಪೋರ್ಟೊರಿಕೊದ ಆಟಗಾರ ರಾಬರ್ಟೊ ಕ್ಲೆಮೆಂಟೆ ನಿಕರಾಗುವದ ಭೂಕಂಪ ಸಂತ್ರಸ್ತರಿಗೆ ಸಾಮಾನು ತುಂಬಿದ ವಿಮಾನದಲ್ಲಿ ಹೊರಟು ಸಮುದ್ರದಲ್ಲಿ ತೀರಿಕೊಂಡ. ಅವನ ಹೆಸರಿನಲ್ಲಿದ್ದ ಹಿಟ್‌ಗಳು ಸರಿಯಾಗಿ 3,000. ಪತ್ರಕರ್ತರು ಐದು ವರ್ಷ ಕಾಯದೆ 1973ರಲ್ಲೇ ವಿಶೇಷ ಮತದಾನ ನಡೆಸಿ ಅವನನ್ನು ಸೇರಿಸಿಕೊಂಡರು. ಆ 3,000 ಹಿಟ್‌ಗೆ ಐದು ವರ್ಷ ಕಾಯುವ ತಾಳ್ಮೆ ಇತ್ತು. ಅವಸರ ತಂದದ್ದು ಅವನ ಸಾವು, ಅಂದರೆ ಅವನ ಗುಣ. ಅವನ ಫಲಕದಲ್ಲಿ ತಾಯಿಯ ಮನೆತನದ ಹೆಸರಾದ ವಾಕರ್ ಅನ್ನು ಇಂಗ್ಲಿಷ್ ರೂಢಿಯಂತೆ ನಡುವೆ ಸೇರಿಸಿಬಿಟ್ಟಿದ್ದರು. ಸ್ಪ್ಯಾನಿಷ್ ಕ್ರಮದಲ್ಲಿ ಅದು ಕೊನೆಗೆ ಬರಬೇಕು. ಆ ತಪ್ಪನ್ನು ತಿದ್ದಿ ಹೊಸ ಕಂಚು ಎರಕ ಹೊಯ್ದದ್ದು 2000ದಲ್ಲಿ.

ಪುಣ್ಯಕ್ಷೇತ್ರವೆಂದ ಮೇಲೆ ಸ್ಥಳಪುರಾಣ ಬೇಕು. ಕೂಪರ್ಸ್‌ಟೌನಿಗೂ ಒಂದಿದೆ, ಮತ್ತು ಅದು ಸುಳ್ಳು. ಬೇಸ್‌ಬಾಲ್ ಇಂಗ್ಲೆಂಡಿನ ರೌಂಡರ್ಸ್ ಎಂಬ ಮಕ್ಕಳಾಟದಿಂದ ಬಂದದ್ದೆಂದು ಪತ್ರಕರ್ತ ಹೆನ್ರಿ ಚಾಡ್ವಿಕ್ ವಾದಿಸುತ್ತಿದ್ದ. ಕ್ರೀಡಾ ಸಾಮಗ್ರಿಗಳ ವ್ಯಾಪಾರಿ, ಹಿಂದಿನ ಆಟಗಾರ ಆಲ್ಬರ್ಟ್ ಸ್ಪಾಲ್ಡಿಂಗ್‌ಗೆ ಅದು ಸಹಿಸದ ಮಾತು. ಅವನ ಒತ್ತಾಸೆಯಿಂದ 1905ರಲ್ಲಿ ಒಂದು ಆಯೋಗ ಕೂತಿತು. ಅದಕ್ಕೆ ಸಿಕ್ಕ ಮುಖ್ಯ ಸಾಕ್ಷಿ ಆಬ್ನರ್ ಗ್ರೇವ್ಸ್ ಎಂಬ ಮುದುಕನ ಪತ್ರ. 1839ರ ಹೊತ್ತಿಗೆ ಕೂಪರ್ಸ್‌ಟೌನ್‌ನಲ್ಲಿ ಆಬ್ನರ್ ಡಬಲ್‌ಡೇ ಈ ಆಟವನ್ನು ರೂಪಿಸಿದನೆಂದು ಅದರಲ್ಲಿತ್ತು. 1839ರಲ್ಲಿ ಗ್ರೇವ್ಸ್‌ಗೆ ಐದು ವರ್ಷ. ಡಬಲ್‌ಡೇ ವೆಸ್ಟ್ ಪಾಯಿಂಟ್‌ನ ಸೈನಿಕ ಶಾಲೆಯಲ್ಲಿ ವಿದ್ಯಾರ್ಥಿ. ಮುಂದೆ ಅಂತರ್ಯುದ್ಧದಲ್ಲಿ ಜನರಲ್ ಆಗಿ ಹೆಸರು ಮಾಡಿ 1893ರಲ್ಲಿ ತೀರಿಕೊಂಡ ಡಬಲ್‌ಡೇ, ತಾನು ಇಂಥದೊಂದು ಆಟ ಕಂಡುಹಿಡಿದೆನೆಂದು ಬದುಕಿರುವಷ್ಟು ದಿನ ಎಲ್ಲೂ ಹೇಳಿಕೊಳ್ಳಲಿಲ್ಲ. ಆದರೂ 1907ರ ಕೊನೆಯಲ್ಲಿ ಆಯೋಗ ಅವನ ಹೆಸರನ್ನೇ ಎತ್ತಿಹಿಡಿಯಿತು. ಯುದ್ಧ ಗೆದ್ದ ಸೇನಾನಿ, ಹಳ್ಳಿಯ ಬಯಲು, ವಿದೇಶದ ಸೋಂಕಿಲ್ಲದ ಹುಟ್ಟು: ದೇಶವೊಂದು ತನ್ನ ಆಟದ ಬಗ್ಗೆ ಕೇಳಬಯಸಿದ ಕಥೆ ಅದು.

ಈ ಡಬಲ್‌ಡೇಗೆ ಭಾರತದ ಜೊತೆ ಒಂದು ನಿಜವಾದ ನಂಟಿದೆ. ಅವನು ಥಿಯಾಸಫಿಸ್ಟ್. ಥಿಯಾಸಫಿಕಲ್ ಸಂಘದ ಸ್ಥಾಪಕರಾದ ಮೇಡಂ ಬ್ಲಾವಟ್‌ಸ್ಕಿ ಮತ್ತು ಕರ್ನಲ್ ಆಲ್ಕಾಟ್ 1878ರ ಕೊನೆಯಲ್ಲಿ ನ್ಯೂಯಾರ್ಕ್ ಬಿಟ್ಟು ಮುಂಬೈಗೆ ಹೊರಟಾಗ, ಅಮೆರಿಕದಲ್ಲಿ ಉಳಿದ ಸಂಘದ ಹೊಣೆ ಬಿದ್ದದ್ದು ಅವನ ಹೆಗಲಿಗೆ. ಅವರು ಮುಂದೆ ಮದರಾಸಿನ ಅಡ್ಯಾರಿನಲ್ಲಿ ನೆಲೆ ಮಾಡಿದರು. ಸ್ಪಾಲ್ಡಿಂಗ್‌ನ ಎರಡನೆಯ ಹೆಂಡತಿಯೂ ಥಿಯಾಸಫಿಸ್ಟಳೇ. ದಂಪತಿ ನೆಲೆಸಿದ್ದು ಕ್ಯಾಲಿಫೋರ್ನಿಯಾದ ಪಾಯಿಂಟ್ ಲೋಮಾದಲ್ಲಿ, ಅದೇ ಪಂಥದ ಕೇಂದ್ರವಿದ್ದ ಕಡೆ. ಪುರಾಣ ಹುಟ್ಟಲು ಇದೇ ಕಾರಣವೆನ್ನಲು ಆಧಾರ ಸಾಲದು. ಆದರೆ ಕರ್ಮ, ಪುನರ್ಜನ್ಮಗಳನ್ನು ಓದುತ್ತ ಕೂತಿದ್ದ ಗಂಭೀರ ಜನರಲ್, ಸತ್ತ ಮೇಲೆ ಚೆಂಡಾಟದ ಮೂಲಪುರುಷನಾಗಿ ಇನ್ನೊಂದು ಜನ್ಮ ಎತ್ತಿದ್ದನ್ನು ನೋಡಿದರೆ ನಗು ತಡೆಯುವುದು ಕಷ್ಟ.

1935ರಲ್ಲಿ ಹತ್ತಿರದ ಫ್ಲೈ ಕ್ರೀಕ್‌ನ ತೋಟದ ಮನೆಯೊಂದರ ಅಟ್ಟದ ಪೆಟ್ಟಿಗೆಯಲ್ಲಿ, ಗ್ರೇವ್ಸ್‌ನದೆನ್ನಲಾದ ಸಾಮಾನಿನ ನಡುವೆ, ಹೊಲಿಗೆ ಬಿಚ್ಚಿ ಒಳಗಿನ ಬಟ್ಟೆ ಹೊರಗೆ ಇಣುಕುವ ಒಂದು ಸಣ್ಣ ಚೆಂಡು ಸಿಕ್ಕಿತು. ಸಿಂಗರ್ ಹೊಲಿಗೆಯಂತ್ರದ ಸಂಪತ್ತಿಗೆ ವಾರಸುದಾರನಾಗಿದ್ದ ಸ್ಟೀಫನ್ ಕ್ಲಾರ್ಕ್ ಅದನ್ನು 5 ಡಾಲರಿಗೆ ಕೊಂಡ. ಡಬಲ್‌ಡೇ ಚೆಂಡೆಂದು ಹೆಸರಾದ ಅದರ ಸುತ್ತ ಒಂದು ಸಣ್ಣ ಪ್ರದರ್ಶನ, ಪ್ರದರ್ಶನದ ಸುತ್ತ ಒಂದು ಸಂಗ್ರಹಾಲಯ. ಆರ್ಥಿಕ ಕುಸಿತದಲ್ಲಿ ಸೊರಗಿದ್ದ ಊರಿಗೆ ಜನ ಬರುವಂತಾಗಲಿ ಎಂಬುದು ಲೆಕ್ಕ. ಇಂದು ಸಂಸ್ಥೆಯೇ ಡಬಲ್‌ಡೇ ಕಥೆಯನ್ನು ನಂಬುವುದಿಲ್ಲ. ಚೆಂಡು ಮಾತ್ರ ಅಲ್ಲೇ ಇದೆ. ಅವನ ಹೆಸರಿನ ಮೈದಾನವಿದೆ, ಹಜಾರದಲ್ಲಿ ಅವನ ಫಲಕವಿಲ್ಲ. ಅವನನ್ನು ಒಪ್ಪದ ಚಾಡ್ವಿಕ್‌ಗೂ ಅವನನ್ನು ಮೆರೆಸಿದ ಸ್ಪಾಲ್ಡಿಂಗ್‌ಗೂ ಇದೆ. ನಿಜವಾದ ಜನಕನೆಂದು ಆಮೇಲೆ ತಂದ ಅಲೆಕ್ಸಾಂಡರ್ ಕಾರ್ಟ್‌ರೈಟ್‌ನ ಫಲಕವಾದರೂ ಸರಿಯೇ ಎಂದರೆ ಅದೂ ಅಲ್ಲ. ಒಂಬತ್ತು ಇನಿಂಗ್ಸ್, ತೊಂಬತ್ತು ಅಡಿ ಅಂತರದ ಬೇಸ್‌ಗಳು ಅವನ ನಿರ್ಧಾರವೆಂದು ಅದರಲ್ಲಿದೆ. ಅವು ಗೊತ್ತಾದದ್ದು ಅವನು ಹವಾಯಿಗೆ ಹೋಗಿ ನೆಲೆಸಿದ ಎಷ್ಟೋ ವರ್ಷದ ಮೇಲೆ, 1857ರ ಸಭೆಯಲ್ಲಿ. ಕಂಚಿನಲ್ಲಿ ಬರೆದದ್ದೆಲ್ಲ ಇತಿಹಾಸವಲ್ಲ.

ಗೌರವ ಯಾರಿಗೆ ಸಲ್ಲಬೇಕೆಂಬುದಕ್ಕೆ ಜಪಾನಿನ ಉತ್ತರ ಇನ್ನಷ್ಟು ಅಗಲ. 1959ರಲ್ಲಿ ಆರಂಭವಾದ ಅಲ್ಲಿನ ಬೇಸ್‌ಬಾಲ್ ಹಾಲ್ ಆಫ್ ಫೇಮ್ 2002ರಲ್ಲಿ ಹೈಕು ಕವಿ ಮಾಸಾವೊಕಾ ಶಿಕಿಯನ್ನು ಸೇರಿಸಿಕೊಂಡಿತು. ಕ್ಷಯದಿಂದ ಎಳೆಯ ವಯಸ್ಸಿಗೇ ತೀರಿಕೊಂಡ ಅವನು ವಿದ್ಯಾರ್ಥಿಯಾಗಿದ್ದಾಗ ಆಟದ ಮೇಲಿನ ಪ್ರೀತಿಗೆ ಆಡಿದವನು, ಆಮೇಲೆ ಅದನ್ನು ಕವಿತೆಗೆ ತಂದವನು. ಅಂಕಿಯಿಲ್ಲದೆಯೂ ಆಟಕ್ಕೆ ಸಲ್ಲಿಸಿದ ಸೇವೆ ಉಂಟೆಂದು ಒಪ್ಪುವ ಮನಸ್ಸು ಅದು. ಅಮೆರಿಕನ್ನರಿಗೆ ಅಂಕಿಯೇ ಜೀವ.

ಅರಿಸ್ಟಾಟಲನು ತನ್ನ ನೀತಿಶಾಸ್ತ್ರದ ಆರಂಭದಲ್ಲೇ ಗೌರವದ ಬಗ್ಗೆ ಒಂದು ಸಂದೇಹ ಎತ್ತುತ್ತಾನೆ: ಅದು ಪಡೆದವನಿಗಿಂತ ಹೆಚ್ಚಾಗಿ ಕೊಡುವವರ ಕೈಯಲ್ಲಿರುವಂಥದ್ದು, ಹಾಗಾಗಿ ಅದನ್ನೇ ಪರಮ ಪುರುಷಾರ್ಥ ಎನ್ನಲಾಗದು. 1936ರ ಮೊದಲ ಮತದಾನ ಇದಕ್ಕೆ ಸಾಕ್ಷಿ. 226 ಮತಗಳಲ್ಲಿ ಟೈ ಕಾಬ್‌ಗೆ 222, ಬೇಬ್ ರೂತ್‌ಗೂ ಹೋನಸ್ ವ್ಯಾಗ್ನರ್‌ಗೂ 215, ಕ್ರಿಸ್ಟಿ ಮ್ಯಾಥ್ಯೂಸನ್‌ಗೆ 205, ವಾಲ್ಟರ್ ಜಾನ್ಸನ್‌ಗೆ 189. ಪಿಚರ್ ಆಗಿ 511 ಪಂದ್ಯ ಗೆದ್ದ ಸೈ ಯಂಗ್‌ಗೆ ಆ ವರ್ಷ ಮತ ಸಾಲಲಿಲ್ಲ. ರೂತ್‌ಗೇ ಎಲ್ಲರ ಮತ ಸಿಗದಿದ್ದಾಗ ಬೇರೆ ಯಾರಿಗೂ ಸಿಗಬಾರದೆಂದು ಕೆಲವು ಪತ್ರಕರ್ತರು ದಶಕಗಟ್ಟಲೆ ಹಟ ಹಿಡಿದರು. ಒಂದೂ ತಪ್ಪದೆ ಎಲ್ಲ ಮತ ಪಡೆದ ಮೊದಲಿಗ 2019ರಲ್ಲಿ ಮರಿಯಾನೊ ರಿವೇರಾ. ರೂತ್‌ಗಿಂತ ಅವನು ಮೇಲೆಂದು ಇದರಿಂದ ಯಾರಿಗೂ ತೋರುವುದಿಲ್ಲ. ಬದಲಾದದ್ದು ಮತ ಹಾಕುವವರು.

ಅದೇ ಗ್ರಂಥದಲ್ಲಿ ಇನ್ನೊಂದು ಮಾತಿದೆ, ಇಲ್ಲಿಗೆ ಅದು ಹೆಚ್ಚು ಮುಖ್ಯ. ಕಲೆಗಾರಿಕೆಯಲ್ಲಿ ಬೇಕೆಂದೇ ತಪ್ಪು ಮಾಡುವವನು ಗೊತ್ತಿಲ್ಲದೆ ತಪ್ಪು ಮಾಡುವವನಿಗಿಂತ ಮೇಲು. ಗುಣದ ವಿಷಯದಲ್ಲಿ ಇದು ತಿರುಗುಮುರುಗು. ಶಿಷ್ಯನಿಗೆ ತೋರಿಸಲೆಂದು ಅಪಸ್ವರ ಹಾಡಿದ ಗಾಯಕನ ವಿದ್ಯೆಗೆ ಕುಂದಿಲ್ಲ, ಬೇಕೆಂದೇ ವಂಚಿಸಿದವನ ಗುಣಕ್ಕೆ ಕುಂದಿದೆ. ಹಾಗಾದರೆ ಆಟ ಈ ಎರಡರಲ್ಲಿ ಯಾವುದು? 1919ರ ವರ್ಲ್ಡ್ ಸೀರೀಸ್‌ನಲ್ಲಿ ಷಿಕಾಗೊ ವೈಟ್ ಸಾಕ್ಸ್ ತಂಡದ ಎಂಟು ಮಂದಿ ಜೂಜುಕೋರರ ಹಣಕ್ಕೆ ಸೋಲಲು ಒಪ್ಪಿದರೆಂಬ ಪ್ರಕರಣ ಉತ್ತರ ಕೊಡುತ್ತದೆ. ಕೈಲಾಗದೆ ಚೆಂಡು ಬಿಟ್ಟವನನ್ನು ಪ್ರೇಕ್ಷಕ ಬೈದು ಮರೆಯುತ್ತಾನೆ. ಬೇಕೆಂದೇ ಬಿಟ್ಟವನನ್ನು ಕ್ಷಮಿಸುವುದಿಲ್ಲ. ಏಕೆಂದರೆ ಅವನು ಕೆಟ್ಟದಾಗಿ ಆಡಿದ್ದಲ್ಲ, ಆಡಲೇ ಇಲ್ಲ. ಗೆಲ್ಲಲೆಂದು ಆಡುವುದು ಆಟಕ್ಕೆ ಹೊರಗಿನಿಂದ ಅಂಟಿಸಿದ ನೀತಿಯಲ್ಲ, ಅದಿಲ್ಲದೆ ಆಟವೇ ಇಲ್ಲ. 1921ರ ಆಗಸ್ಟ್‌ನಲ್ಲಿ ನ್ಯಾಯಾಲಯ ಅವರಲ್ಲಿ ವಿಚಾರಣೆಗೆ ಒಳಗಾದ ಏಳು ಮಂದಿಯನ್ನು ಬಿಡುಗಡೆ ಮಾಡಿದ ಮರುದಿನವೇ ಲ್ಯಾಂಡಿಸ್ ಎಂಟೂ ಮಂದಿಯನ್ನು ಆಜೀವ ಹೊರಹಾಕಿದ. ಅವರಲ್ಲಿ ಒಬ್ಬ ಷೂಲೆಸ್ ಜೋ ಜಾಕ್ಸನ್. 5,000 ಡಾಲರ್ ಅವನ ಕೈ ಸೇರಿತ್ತು. ಆ ಸರಣಿಯಲ್ಲಿ ಅವನ ಬ್ಯಾಟಿಂಗ್ ಸರಾಸರಿ .375. ಹಣ ಪಡೆದು ಚೆನ್ನಾಗಿಯೇ ಆಡಿದವನು ಯಾರಿಗೆ ಮೋಸ ಮಾಡಿದ ಎಂಬುದು ಇಂದಿಗೂ ತೀರದ ಚರ್ಚೆ.

ಹೀಗೆ ನೋಡಿದರೆ ದೋಷಗಳು ಎರಡು ಬಗೆ. ಆಟದ ಸತ್ಯವನ್ನೇ ಕೆಡಿಸುವುದು ಒಂದು, ಆಟದ ಹೊರಗಿನದು ಇನ್ನೊಂದು. ಟೈ ಕಾಬ್ 1912ರಲ್ಲಿ ಪ್ರೇಕ್ಷಕರ ಸಾಲಿಗೆ ನುಗ್ಗಿ, ಅಪಘಾತದಲ್ಲಿ ಕೈ ಊನವಾಗಿದ್ದ ಒಬ್ಬನನ್ನು ಥಳಿಸಿದ. ಅವನ ಬಗ್ಗೆ ಆಮೇಲೆ ಬರೆದದ್ದರಲ್ಲಿ ಬಣ್ಣ ಕಟ್ಟಿದ್ದು ಬಹಳ, ಈ ಪ್ರಸಂಗ ಮಾತ್ರ ನಿಜ. ಮನುಷ್ಯನಾಗಿ ಅದು ಹೀನ ಕೃತ್ಯ. ಅದರಿಂದ ಅವನ ಒಂದು ಹಿಟ್ ಕೂಡ ಸುಳ್ಳಾಗುವುದಿಲ್ಲ. ನಿಯಮದಲ್ಲಿರುವ ಶೀಲ ಎಂಬ ಪದ ಈ ಎರಡನ್ನೂ ಒಂದೇ ಚೀಲಕ್ಕೆ ತುಂಬಿದ್ದರಿಂದ ಎಷ್ಟೋ ಗೊಂದಲ ಹುಟ್ಟಿದೆ.

ಪೀಟ್ ರೋಸ್ ಪ್ರಕರಣದಲ್ಲಿ ಇನ್ನೊಂದು ತೊಡಕು ಕೂಡಿಕೊಂಡಿತು. 4,256 ಹಿಟ್‌ಗಳ ದಾಖಲೆ ಇರುವ ರೋಸ್, ಸಿನ್ಸಿನಾಟಿ ರೆಡ್ಸ್ ತಂಡದ ಮ್ಯಾನೇಜರ್ ಆಗಿದ್ದಾಗ ತನ್ನದೇ ತಂಡದ ಮೇಲೆ ಬಾಜಿ ಕಟ್ಟಿದ್ದಕ್ಕೆ 1989ರಲ್ಲಿ ಶಾಶ್ವತ ನಿಷೇಧಕ್ಕೆ ಒಳಗಾದ. ಹದಿನೈದು ವರ್ಷ ಅಲ್ಲಗಳೆದು 2004ರಲ್ಲಿ ಒಪ್ಪಿಕೊಂಡ. ಗೆಲುವಿನ ಮೇಲಷ್ಟೇ ಕಟ್ಟಿದ್ದೆಂಬುದು ಅವನ ಸಮರ್ಥನೆ. ಆದರೆ ಮ್ಯಾನೇಜರನೇ ಬಾಜಿ ಕಟ್ಟುವ ಮನುಷ್ಯನಾದರೆ, ಅವನು ಕಟ್ಟದ ದಿನವೂ ಜೂಜುಕೋರರಿಗೆ ಒಂದು ಸುಳಿವೇ. ನಿಷೇಧಕ್ಕೊಳಗಾದವರ ಹೆಸರು ಮತಪತ್ರದಲ್ಲಿ ಬರುವಂತಿಲ್ಲ ಎಂದು ಹಾಲ್ ಆಫ್ ಫೇಮ್ 1991ರಲ್ಲಿ ನಿಯಮ ಮಾಡಿತು. ರೋಸ್ 2024ರ ಸೆಪ್ಟೆಂಬರ್ 30ರಂದು ತೀರಿಕೊಂಡ. 2025ರ ಮೇ 13ರಂದು ಕಮಿಷನರ್ ರಾಬ್ ಮ್ಯಾನ್‌ಫ್ರೆಡ್ ಶಾಶ್ವತ ನಿಷೇಧ ಸಾವಿನೊಂದಿಗೆ ಮುಗಿಯುತ್ತದೆಂದು ತೀರ್ಮಾನಿಸಿದರು. ರೋಸ್, ಜಾಕ್ಸನ್ ಸೇರಿ 17 ಮಂದಿಯ ಮೇಲಿನ ತಡೆ ತೆರವಾಯಿತು. ಸತ್ತವನಿಂದ ಆಟಕ್ಕೆ ಇನ್ನು ಅಪಾಯವಿಲ್ಲ ಎಂಬುದು ತರ್ಕದ ತಿರುಳು. ಶಿಕ್ಷೆಯ ಮಟ್ಟಿಗೆ ಇದು ಸರಿ: ತಡೆಯಲೆಂದು ಕೊಟ್ಟ ಶಿಕ್ಷೆಗೆ, ತಡೆಯಬೇಕಾದವನೇ ಇಲ್ಲವಾದ ಮೇಲೆ ಕೆಲಸವಿಲ್ಲ. ಗೌರವಕ್ಕೆ ಈ ತರ್ಕ ತಾಗುವುದಿಲ್ಲ. ಗೌರವ ಸತ್ತವರಿಗೂ ಸಲ್ಲುವಂಥದ್ದು, ಹಾಗಾಗಿ ಅದರ ನಿರಾಕರಣೆಯೂ ಸಾವನ್ನು ದಾಟಿ ಉಳಿಯಬಲ್ಲದು. ಅರ್ಹತೆಯ ಬಾಗಿಲು ತೆರೆದಿದೆ, ಅಷ್ಟೆ. ಇಬ್ಬರ ಹೆಸರೂ ಸಮಿತಿಯ ಮುಂದೆ ಬರಬಹುದಾದದ್ದು 2027ರ ಡಿಸೆಂಬರಿನಲ್ಲಿ, ಬೇಕಾದದ್ದು 16ರಲ್ಲಿ 12 ಮತ.

ಆಟದ ಸತ್ಯವನ್ನು ಕೆಡಿಸುವುದೇ ದೊಡ್ಡ ದೋಷವೆಂದು ಒಪ್ಪಿದರೆ, ಎಲ್ಲಕ್ಕಿಂತ ದೊಡ್ಡ ದೋಷಿ ಯಾವ ಜೂಜುಕೋರನೂ ಅಲ್ಲ. 1880ರ ದಶಕದಿಂದ 1947ರ ಏಪ್ರಿಲ್ 15ರಂದು ಜಾಕಿ ರಾಬಿನ್‌ಸನ್ ಬ್ರೂಕ್ಲಿನ್ ತಂಡದ ಪರ ಮೈದಾನಕ್ಕೆ ಇಳಿಯುವವರೆಗೆ ದೊಡ್ಡ ಲೀಗ್‌ಗಳಲ್ಲಿ ಕಪ್ಪು ಆಟಗಾರರಿಗೆ ಪ್ರವೇಶವಿರಲಿಲ್ಲ. ಎಲ್ಲೂ ಬರೆದಿಡದ ಒಪ್ಪಂದ ಅದು. 1936ರಲ್ಲಿ ಗೆದ್ದ ಐವರ ಅಂಕಿಗಳೆಲ್ಲ ಎಷ್ಟೋ ಎದುರಾಳಿಗಳನ್ನು ಗೇಟಿನ ಹೊರಗೆ ನಿಲ್ಲಿಸಿ ಗಳಿಸಿದವು. ಎಂಟು ಮಂದಿ ಕೆಲವು ಪಂದ್ಯ ಕೆಡಿಸಿದರು, ವ್ಯವಸ್ಥೆ ಅರವತ್ತು ವರ್ಷ ಕೆಡಿಸಿತು. ಆ ಎಂಟು ಮಂದಿಯನ್ನು ಹೊರಹಾಕಿದ ಲ್ಯಾಂಡಿಸ್‌ನ ಇಡೀ ಅವಧಿಯಲ್ಲಿ, 1920ರಿಂದ 1944ರವರೆಗೆ, ಒಬ್ಬ ಕಪ್ಪು ಆಟಗಾರನೂ ಒಳಗೆ ಬರಲಿಲ್ಲ. ಅವನು ತೀರಿಕೊಂಡ ಕೆಲವೇ ದಿನಗಳಲ್ಲಿ ಅವನನ್ನು ಹಜಾರಕ್ಕೆ ಸೇರಿಸಿಕೊಂಡರು. ವರ್ಷದ ಅತ್ಯುತ್ತಮ ಆಟಗಾರನ ಪ್ರಶಸ್ತಿಯಿಂದ ಪತ್ರಕರ್ತರ ಸಂಘ 2020ರಲ್ಲಿ ಅವನ ಹೆಸರು ತೆಗೆಯಿತು. ಕೂಪರ್ಸ್‌ಟೌನಿನ ಫಲಕ ಇದ್ದಲ್ಲೇ ಇದೆ.

ಈ ತಪ್ಪನ್ನು ಸಂಸ್ಥೆ ತಿದ್ದಿಕೊಂಡದ್ದು ತಡವರಿಸುತ್ತ. ಟೆಡ್ ವಿಲಿಯಮ್ಸ್ 1966ರಲ್ಲಿ ತನ್ನ ಗೌರವ ಸ್ವೀಕರಿಸುವಾಗ, ಕಪ್ಪು ಆಟಗಾರರಿಗೆಂದೇ ಇದ್ದ ನೀಗ್ರೊ ಲೀಗ್‌ಗಳಲ್ಲಿ ಆಡಿದ ಸ್ಯಾಚೆಲ್ ಪೇಜ್, ಜಾಶ್ ಗಿಬ್ಸನ್‌ರಂಥವರೂ ಒಂದು ದಿನ ಇಲ್ಲಿಗೆ ಬರಲಿ ಎಂದು ಹಾರೈಸಿದ. 1971ರಲ್ಲಿ ಪೇಜ್ ಆಯ್ಕೆಯಾದಾಗ ನೀಗ್ರೊ ಲೀಗ್‌ನವರಿಗೆ ಬೇರೆಯೇ ಜಾಗವೆಂಬ ಯೋಜನೆ ಇತ್ತು. ಆಟದಲ್ಲಿ ಬೇರೆ ಪಂಕ್ತಿ ಹಾಕಿದ್ದು ಸಾಲದೆಂದು ಗೌರವದಲ್ಲೂ ಹಾಕಲು ಹೊರಟದ್ದಕ್ಕೆ ದೊಡ್ಡ ಕೂಗೆದ್ದು, ಎಲ್ಲರ ಸಾಲಿನಲ್ಲೇ ಜಾಗ ಕೊಟ್ಟರು. ಗಿಬ್ಸನ್ ಬಂದದ್ದು 1972ರಲ್ಲಿ. ಅವನು ರಾಬಿನ್‌ಸನ್ ಮೈದಾನಕ್ಕಿಳಿಯುವ ಮೂರು ತಿಂಗಳ ಮುಂಚೆ, 35ನೆಯ ವಯಸ್ಸಿನಲ್ಲಿ ತೀರಿಕೊಂಡಿದ್ದ. 2006ರಲ್ಲಿ ಆ ಲೀಗ್‌ಗಳ ಮತ್ತು ಅದಕ್ಕೂ ಹಿಂದಿನ ಕಪ್ಪು ತಂಡಗಳ 17 ಮಂದಿಯನ್ನು ಒಟ್ಟಿಗೆ ಸೇರಿಸಿದಾಗ, ಆ ಇತಿಹಾಸವನ್ನು ಊರೂರು ಸುತ್ತಿ ಹೇಳಿದ ಬಕ್ ಒನೀಲ್‌ಗೇ ಮತ ಸಾಲಲಿಲ್ಲ. 94ರ ಮುದುಕ ಬೇಸರ ತೋರದೆ ವೇದಿಕೆ ಹತ್ತಿ, ತೀರಿಹೋದ ಆ ಹದಿನೇಳು ಜನರ ಪರವಾಗಿ ಮಾತಾಡಿದ. ಅದೇ ವರ್ಷ ಅಕ್ಟೋಬರ್‌ನಲ್ಲಿ ತೀರಿಕೊಂಡ. ಅವನ ಫಲಕ ಬಂದದ್ದು 2022ರಲ್ಲಿ. ಶೀಲಕ್ಕೆ ನಿಜಕ್ಕೂ ತೂಕವಿದ್ದಿದ್ದರೆ ಹದಿನಾರು ವರ್ಷ ಏಕೆ ಬೇಕಾಯಿತು ಎಂದು ಕೇಳಬಹುದು.

ರಾಬಿನ್‌ಸನ್‌ನ ಫಲಕದ ಕಥೆ ಇಡೀ ಪ್ರಶ್ನೆಯನ್ನು ಒಂದಡಿ ಕಂಚಿಗೆ ಇಳಿಸುತ್ತದೆ. 1962ರಲ್ಲಿ ಹೆಸರು ಮತಕ್ಕೆ ಬಂದಾಗ, ತನ್ನನ್ನು ಆಟಗಾರನಾಗಿ ಮಾತ್ರ ಅಳೆಯಬೇಕೆಂದು ಅವನೇ ಬಯಸಿದ್ದ. 160ರಲ್ಲಿ 124 ಮತ ಬಿತ್ತು. ಫಲಕದಲ್ಲಿ ಬರೆದದ್ದು ಬ್ಯಾಟಿಂಗ್, ಫೀಲ್ಡಿಂಗ್, ಕದ್ದ ಬೇಸ್‌ಗಳ ಲೆಕ್ಕ. ವರ್ಣಭೇದದ ಗೋಡೆ ಒಡೆದದ್ದರ ಬಗ್ಗೆ ಒಂದಕ್ಷರವಿಲ್ಲ. ಅವನು ಕೇಳಿದ್ದೂ ಅದನ್ನೇ: ಕನಿಕರ ಬೇಡ, ಕೆಲಸ ನೋಡಿ. ಆದರೆ ಹೊಸ ತಲೆಮಾರಿನ ಹುಡುಗ ಆ ಫಲಕದ ಮುಂದೆ ನಿಂತರೆ ರಾಬಿನ್‌ಸನ್ ಯಾರೆಂದೇ ಅವನಿಗೆ ತಿಳಿಯುತ್ತಿರಲಿಲ್ಲ. 2008ರಲ್ಲಿ ಹಳೆಯದನ್ನು ತೆಗೆದು, 1947ರಲ್ಲಿ ಅವನು ಎದುರಿಸಿದ ಒತ್ತಡವನ್ನೂ ತೋರಿದ ಧೈರ್ಯವನ್ನೂ ಹೇಳುವ ಹೊಸ ಫಲಕ ಹಾಕಿದರು. ಎರಡೂ ಫಲಕಗಳು ಸತ್ಯವನ್ನೇ ಹೇಳುತ್ತವೆ. ಮೊದಲನೆಯದು ಅವನ ಸ್ವಾಭಿಮಾನಕ್ಕೆ ಸಂದ ಗೌರವ, ಎರಡನೆಯದು ದೇಶದ ನೆನಪಿಗೆ ಬೇಕಾದದ್ದು. ಗೌರವ ಕೊಡುವವರದು ಎಂಬ ಅರಿಸ್ಟಾಟಲನ ಮಾತು ಇಲ್ಲಿ ಬೈಗುಳವಾಗಿ ಉಳಿಯುವುದಿಲ್ಲ.

ಉದ್ದೀಪನ ಮದ್ದಿನ ಕಾಲ ಎರಡೂ ಬಗೆಯ ದೋಷದ ನಡುವಿನ ಗಡಿಯಲ್ಲಿ ನಿಂತಿದೆ. ಮದ್ದು ಸೇವಿಸಿದವನು ಸೋಲಲು ಆಡಿದವನಲ್ಲ, ಅತಿಯಾಗಿ ಗೆಲ್ಲಲು ಆಡಿದವನು. ಆದರೆ ಅವನ ಎದುರಾಳಿಗೆ ಆಟ ಸಮವಾಗಿರಲಿಲ್ಲ. 762 ಹೋಮ್ ರನ್‌ಗಳ ಬ್ಯಾರಿ ಬಾಂಡ್ಸ್, 354 ಗೆಲುವುಗಳ ರಾಜರ್ ಕ್ಲೆಮೆನ್ಸ್ ಇಬ್ಬರ ಮೇಲೂ ಆರೋಪವಿತ್ತು, ಇಬ್ಬರೂ ಅಲ್ಲಗಳೆದರು. 2022ರಲ್ಲಿ, ಹತ್ತನೆಯ ಮತ್ತು ಕೊನೆಯ ಅವಕಾಶದಲ್ಲಿ, ಅವರಿಗೆ ಬಿದ್ದದ್ದು ಶೇ. 66.0 ಮತ್ತು ಶೇ. 65.2. ಮದ್ದಿನ ಹಾವಳಿ ನಡೆದಾಗ ಕಮಿಷನರ್ ಆಗಿದ್ದ ಬಡ್ ಸೀಲಿಗ್ ಮಾತ್ರ 2017ರಲ್ಲೇ ಹಜಾರ ಸೇರಿಯಾಗಿತ್ತು. ಬೀದಿ ಕಾಯುವವನಿಗೆ ಪದಕ, ಬೀದಿಯಲ್ಲಿ ಸಿಕ್ಕಿಬಿದ್ದವನಿಗೆ ಬಾಗಿಲು ಬಂದ್.

ಬಾಂಡ್ಸ್ ಇಲ್ಲದಿದ್ದರೂ ಅವನ ಚೆಂಡು ಕೂಪರ್ಸ್‌ಟೌನ್‌ಗೆ ಬಂದಿದೆ. 2007ರ ಆಗಸ್ಟ್ 7ರಂದು ಹ್ಯಾಂಕ್ ಆರನ್‌ನ 755ರ ದಾಖಲೆ ದಾಟಿ ಹೊಡೆದ 756ನೆಯ ಹೋಮ್ ರನ್ನಿನ ಚೆಂಡನ್ನು ಬಟ್ಟೆ ವಿನ್ಯಾಸಕಾರ ಮಾರ್ಕ್ ಎಕೊ ಹರಾಜಿನಲ್ಲಿ 7,52,467 ಡಾಲರ್ ಕೊಟ್ಟು ಕೊಂಡ. ಅದನ್ನು ಹಾಗೇ ಹಾಲ್ ಆಫ್ ಫೇಮ್‌ಗೆ ಕೊಡುವುದೋ, ಸಂದೇಹದ ನಕ್ಷತ್ರ ಚಿಹ್ನೆ ಒತ್ತಿ ಕೊಡುವುದೋ, ರಾಕೆಟ್ಟಿನಲ್ಲಿ ಚಂದ್ರನ ಕಡೆಗೆ ಕಳಿಸುವುದೋ ಎಂದು ಅಂತರ್ಜಾಲದಲ್ಲಿ ಜನರನ್ನೇ ಕೇಳಿದ. ಜನ ನಕ್ಷತ್ರ ಆರಿಸಿದರು. ಚರ್ಮದಲ್ಲಿ ಆ ಗುರುತು ಕೊರೆದ ಚೆಂಡನ್ನು ಸಂಸ್ಥೆ 2008ರಲ್ಲಿ ಸ್ವೀಕರಿಸಿತು. ಅದು ಸೇರಿದ್ದು ಸಂಗ್ರಹಾಲಯದ ಭಾಗಕ್ಕೆ, ಅಟ್ಟದ ಪೆಟ್ಟಿಗೆಯಿಂದ ಬಂದ ಆ 5 ಡಾಲರಿನ ಹರಿದ ಚೆಂಡು ಇರುವ ಕಡೆಗೆ. ಫಲಕಗಳ ಹಜಾರದಲ್ಲಿ ಇವೆರಡರ ಒಡೆಯರೂ ಇಲ್ಲ.